ಮುಷ್ಟಿಯೊಳಗಿನ ಫ್ಯೂಜು

ಆ ಟವೆಲ್ಲು ಮೇಲೆ ಹೋದದ್ದನ್ನು ನಾನು ಇನ್ನೂ ನೋಡುತ್ತಲೇ ಇದ್ದೇನೆ. ಕೆಂಪು ಚೌಕಡಿಯ ಬಟ್ಟೆ ಕಬ್ಬಿಣದ ಬಟ್ಟಲಿಗೆ ಸಿಕ್ಕಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಾಯವಾಯಿತು. ಅದರ ಜಾಗದಲ್ಲಿ ಒಂದು ತೋಳು ಇರಬಹುದಿತ್ತು. ಆ ತೋಳನ್ನು ಅಲ್ಲಿಗೆ ಕಳಿಸಿದ್ದು ನಾನು ಬರೆದ ಪ್ರೋಗ್ರಾಮು.

ಗಂಗಾವತಿಯಲ್ಲಿ ಬಿಸಿಎ ಮುಗಿಸಿ, ಕಾರಟಗಿಯ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಗಿರಣಿಯಲ್ಲಿ ಎಲಿವೇಟರ್ ಎಂದರೆ ಜನ ಹತ್ತುವ ಲಿಫ್ಟಲ್ಲ. ಬೆಲ್ಟಿಗೆ ಸಾಲಾಗಿ ಬಟ್ಟಲು ಜೋಡಿಸಿ, ನೆಲದ ಗುಂಡಿಯಿಂದ ಭತ್ತವನ್ನು ಮೇಲಕ್ಕೆ ಎತ್ತುವ ಯಂತ್ರ. ಹುಲ್ಲು ಸಿಕ್ಕಿಕೊಂಡರೆ ಒಬ್ಬರು ಗುಂಡಿಗಿಳಿದು ಕೈಯಿಂದ ತೆಗೆಯಬೇಕು. ಆ ಕೆಲಸ ಒಬ್ಬ ಹಿರಿಯ ಹಮಾಲರದು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಇಳಿಯುವ ಮೊದಲು ಅವರು ಗಿರಣಿಯ ಆ ತುದಿಗೆ ನಡೆದು, ಎಲಿವೇಟರ್ ಮೋಟಾರಿನ ಮೇನ್ ಆಫ್ ಮಾಡಿಸಿ, ಅದರ ಪಿಂಗಾಣಿ ಫ್ಯೂಜು ಕಿತ್ತು ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಇಳಿದವರ ಹತ್ತಿರವೇ ಫ್ಯೂಜು ಇರಬೇಕು, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ.

"ಅಷ್ಟು ದೂರ ಯಾಕ ಓಡಾಡ್ತೀರಿ ಕಾಕಾ?"

"ಕರೆಂಟ್ ಉಡಿಯಾಗ ಕಟ್ಕೊಂಡು ಇಳೀತೀನವ್ವ. ನನ್ನ ಬಿಟ್ಟು ಎಲ್ಲಿ ಹೋಗ್ತೈತದು?"

ನಾನು ನಕ್ಕಿದ್ದೆ.

ಆ ಮೋಟಾರಿನ ಸ್ವಿಚ್ಚು, ಫ್ಯೂಜು ಇರುವ ಪ್ಯಾನಲ್ ಮಾರಿದವರು ಜೊತೆಗೆ ಒಂದು ಚಿಕ್ಕ ಪ್ರೋಗ್ರಾಮು ಕೊಟ್ಟಿದ್ದರು. ಅದಕ್ಕೆ ಸ್ಕ್ರೀನಿನಲ್ಲಿ ಕಿಟಕಿಯಿಲ್ಲ, ಬಟನ್ನಿಲ್ಲ. 'ಮೋಟಾರು ನಿಲ್ಲಿಸು' ಎಂದು ಕಮಾಂಡ್ ಕೊಟ್ಟರೆ ನಿಲ್ಲಿಸಿ, ಒಂದು ಸಾಲು ಹೇಳಿ ಮುಗಿಯುತ್ತದೆ. ಕಾಕಾರ ಓಡಾಟ ತಪ್ಪಲೆಂದು, ನನ್ನ ಪ್ರೋಗ್ರಾಮು ಅದನ್ನು ಕರೆದು, ಅದು ಹೇಳಿದ್ದನ್ನು ಹಿಡಿದು, ಎಲಿವೇಟರ್ ಪಕ್ಕದ ಸ್ಕ್ರೀನಿನಲ್ಲಿ ತೋರಿಸುವ ಹಾಗೆ ಮಾಡಿದೆ. ಆದರೆ ಇಂಥ ಪ್ರೋಗ್ರಾಮಿಗೆ ಮಾತಾಡಲು ಎರಡು ದಾರಿ. ಆದ ಕೆಲಸದ ಮಾತು ಒಂದರಲ್ಲಿ ಬರುತ್ತದೆ, ಕೆಟ್ಟದ್ದರ ಮಾತು ಇನ್ನೊಂದರಲ್ಲಿ. ಮುಗಿಯುವಾಗ ಒಂದು ಅಂಕಿಯನ್ನೂ ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಮಾತ್ರ ಎಲ್ಲ ಸರಿ. ನಾನು ಮೊದಲ ದಾರಿಯನ್ನಷ್ಟೇ ಕೇಳಿದೆ. ಅಲ್ಲಿ ತಪ್ಪಿನ ಮಾತು ಕಾಣದಿದ್ದರೆ ಹಸಿರು ಅಕ್ಷರದಲ್ಲಿ 'ನಿಂತಿದೆ' ಎಂದು ತೋರಿಸು ಅಂತ ಬರೆದೆ. ಅದು ಸುಮ್ಮನಿದ್ದುದನ್ನೇ ಹೂಂ ಎಂದುಕೊಂಡೆ.

ಸುಗ್ಗಿಯ ದಿನ. ಗೇಟಿನವರೆಗೆ ಟ್ರ್ಯಾಕ್ಟರುಗಳು. ಹುಲ್ಲು ಸಿಕ್ಕಿತು. ಸ್ಕ್ರೀನಿನ ಬಟನ್ ಒತ್ತಿದೆ, ಹಸಿರು ಬಂತು. ಕಾಕಾ ಫ್ಯೂಜು ಕೀಳಲು ಪ್ಯಾನಲ್ ಕಡೆ ತಿರುಗಿದ್ದರು.

"ಬ್ಯಾಡ ಕಾಕಾ, ನೋಡ್ರಿಲ್ಲೆ, ನಿಂತೈತಿ."

"ಖರೇನ?"

"ಓದಿದಾಕಿ ಹೇಳಾಕತ್ತೀನಿ, ಇಳೀರಿ."

"ಹಂಗಾರ ಫಿಕರಿಲ್ಲ ಬಿಡು," ಎಂದು ಇಳಿದರು.

ಬೆಲ್ಟು ನಿಂತಿದ್ದು ಹುಲ್ಲಿನಿಂದ. ಮೇಲೆ ಮೋಟಾರು ತಿರುಗುತ್ತಲೇ ಇತ್ತು. ಗಿರಣಿಯ ಸದ್ದಿನಲ್ಲಿ ಅದು ಕೇಳಲಿಲ್ಲ. ಕಾಕಾ ಹುಲ್ಲಿನ ಗಂಟು ಎಳೆದರು, ಬೆಲ್ಟು ಜಿಗಿಯಿತು. ಅವರು ಹಿಂದಕ್ಕೆ ಬಿದ್ದರು. ಹೆಗಲ ಮೇಲಿನ ಟವೆಲ್ಲು ಹೋಯಿತು. ಯಾರೋ ಮೇನ್ ಎಳೆದರು. ಮೇಲಿನ ಜರಡಿಯಲ್ಲಿ ಟವೆಲ್ಲು ಚಿಂದಿಯಾಗಿ ಸಿಕ್ಕಿತು.

ಗುಂಡಿಯ ಅಂಚಿನಲ್ಲಿ ಕೂತು ಕಾಕಾ ಬಹಳ ಹೊತ್ತು ಬಲಗೈ ತಿಕ್ಕಿಕೊಂಡರು. "ಹೊಸಾದಿತ್ತವ್ವ ಟವೆಲ್ಲು," ಎಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅದೇ ಕಮಾಂಡನ್ನು ನಾನೇ ಟೈಪು ಮಾಡಿ ಓಡಿಸಿದೆ. ಎರಡನೇ ದಾರಿಯಲ್ಲಿ ಸ್ಪಷ್ಟವಾಗಿ ಬಂತು: ಪ್ಯಾನಲ್ ಉತ್ತರಿಸುತ್ತಿಲ್ಲ, ಮೋಟಾರು ನಿಲ್ಲಿಸಲಾಗಲಿಲ್ಲ. ಅದು ಆಗಲೂ ಹೇಳಿತ್ತು. ನಾನು ಕೇಳಿಸಿಕೊಂಡಿರಲಿಲ್ಲ.

ಕೆಲಸ ಬಿಡುವ ಮನಸ್ಸಾಯಿತು. ಬಿಟ್ಟರೆ ಆ ಸುಳ್ಳು ಹಸಿರು ಅಲ್ಲೇ ಉಳಿಯುತ್ತದೆ. ಸರಿ ಮಾಡಿಯೇ ತೀರುತ್ತೇನೆ ಎಂದು ಕೂತೆ. ಹೊಸದಾಗಿ ಬರೆದೆ. ಎರಡೂ ದಾರಿಯ ಮಾತು ಹಿಡಿ. ಅಂಕಿ ಸೊನ್ನೆಯಲ್ಲದಿದ್ದರೆ ಕೆಂಪು. ಐದು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೂ ಕೆಂಪು. ಎಲ್ಲ ಸರಿಯಿದ್ದರೂ ಮೋಟಾರಿನ ಸ್ಥಿತಿ ಏನೆಂದು ಇನ್ನೊಮ್ಮೆ ಕೇಳು, ಆಮೇಲೆ ಹಸಿರು. ಬೇಕೆಂದೇ ಪ್ಯಾನಲಿಗೆ ಹೋಗುವ ವೈರು ಕಿತ್ತು ಮತ್ತೆ ಮತ್ತೆ ನೋಡಿದೆ. ಪ್ರತಿ ಸಲವೂ ಕೆಂಪೇ ಬಂತು. ಸ್ಕ್ರೀನಿನ ಕೆಳಗೆ, ಹಸಿರು ಬಂದರೂ ಅಳಿಯದ ಹಾಗೆ, ಒಂದು ಸಾಲು ಸೇರಿಸಿದೆ: 'ಫ್ಯೂಜು ಕಿತ್ತಿರಾ?'

ಕಾಕಾ ಅದನ್ನು ಓದಿಸಿಕೊಂಡು ಕೇಳಿದರು. "ಛಲೋ ಐತಿ. ಇದನ್ನ ನಂಬಿ ನೀನ ಇಳೀತೀಯೇನು?"

"ಇಳೀತೀನಿ. ಆದ್ರ ಫ್ಯೂಜು ಕಿತ್ತ ಮ್ಯಾಲೆ."

ಮುಂದಿನ ಸಲ ಹುಲ್ಲು ಸಿಕ್ಕಾಗ ಅವರೇ ಫ್ಯೂಜು ಕಿತ್ತು ತಂದರು. "ವೇಲ್ ತಗದಿಡು, ಜಡಿ ಮ್ಯಾಲೆ ಕಟ್ಟು. ಹಿಡಿ ಇದನ್ನ."

"ನಿಮ್ಮ ಹತ್ರಾನ ಇರ್ಲಿ ಕಾಕಾ, ನೀವು ಮ್ಯಾಲೆ ಇರ್ತೀರಲ್ಲ."

"ಇಳಿಯಾಕಿ ನೀನು. ನನಗ್ಯಾಕ ಕೊಡ್ತಿ?"

ಸ್ಕ್ರೀನು ಹಸಿರಾಗಿತ್ತು. ಎಡಗೈ ಮುಷ್ಟಿಯಲ್ಲಿ ಫ್ಯೂಜು ಬಿಗಿಹಿಡಿದು ಇಳಿದೆ. ಪಿಂಗಾಣಿ ಇನ್ನೂ ಬೆಚ್ಚಗಿತ್ತು. ಬಲಗೈ ಚಾಚಿ ಮೊದಲ ಎಳೆ ಹಿಡಿದಾಗ ಟವೆಲ್ಲು ಮತ್ತೊಮ್ಮೆ ಕಣ್ಣೆದುರು ಹಾದುಹೋಯಿತು. ಹಾಯಲಿ ಎಂದು ಬಿಟ್ಟೆ. ಹುಲ್ಲು ಪೂರ್ತಿ ತೆಗೆಯುವವರೆಗೆ ಮೇಲೆ ಬರಲಿಲ್ಲ.