ಕಾವಿಲ್ಲದ ಕಿರಣ

೧೯೭೭ರಲ್ಲಿ ನನಗೆ ಮೂವತ್ತೆರಡು ವರ್ಷ. ಡೊಂಬಿವಲಿಯ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯವರಿಗೆ ಐವತ್ತು ದಾಟಿತ್ತು. ತಾಮ್ರದ ತಂತಿ ಕೊರೆದ ಗೀರುಗಳು ಅವರ ಹತ್ತೂ ಬೆರಳುಗಳ ತುದಿಯಲ್ಲಿದ್ದವು. ಉಗುರುಗಳ ಸಂದಿನಲ್ಲಿ ವಾರ್ನಿಷ್ ಕಪ್ಪಾಗಿ ಕೂತಿತ್ತು. ವಿಜಾಪುರದ ಕಡೆಯವರಾದ ಅವರು ಠಾಣೆಯ ವರ್ಕ್‌ಶಾಪೊಂದರಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದರು. ಕಾಲೇಜನ್ನು ಒಂದೇ ವರ್ಷಕ್ಕೆ ಬಿಟ್ಟಿದ್ದರೂ ಓದನ್ನು ಬಿಟ್ಟಿರಲಿಲ್ಲ; ರದ್ದಿಯಂಗಡಿಯಿಂದ ತಂದ ವಿಜ್ಞಾನ ಪತ್ರಿಕೆಗಳಿಗೆ ಕಂದು ಕಾಗದದ ಹೊದಿಕೆ ಹಾಕಿ ಇಡುತ್ತಿದ್ದರು.

ನಾನು ಠಾಣೆಯ ಕನ್ನಡ ಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕ. ಬೆಳಿಗ್ಗೆ ಇಬ್ಬರೂ ಒಂದೇ ಸ್ಲೋ ಲೋಕಲ್ ರೈಲು ಹಿಡಿಯುತ್ತಿದ್ದೆವು. ಆಕಾಶಗಂಗೆಯ ನಡುಭಾಗದಿಂದ ಬರುವ ರೇಡಿಯೊ ಅಲೆಗಳ ವಿಚಾರವನ್ನು ಅವರು ತೆಗೆದದ್ದು ಆ ಗಾಡಿಯಲ್ಲಿಯೇ.

"ಅಲ್ಲಿ ಎಲೆಕ್ಟ್ರಾನು ಹೆಚ್ಚೂಕಡಿಮಿ ಬೆಳಕಿನಷ್ಟ ಜೋರ ಓಡತಾವ್ರಿ ಮಾಸ್ತರ. ಅಯಸ್ಕಾಂತದ ಬಲ ಅವನ್ನ ನೆಟ್ಟಗ ಹೋಗಾಕ ಬಿಡೂದಿಲ್ಲ, ಗಿರಕಿ ಹೊಡಸ್ತದ. ಹಂಗ ತಿರುಗುವಾಗ ರೇಡಿಯೊ ಅಲಿ ಬಿಡತಾವ." ಅಷ್ಟರಲ್ಲಿ ಗಾಡಿ ಮುಂಬ್ರಾದ ತಿರುವಿಗೆ ಬಂದು ಗಾಲಿಗಳು ಕಿರುಚಿದವು. "ಕೇಳ್ರಿ! ನೆಟ್ಟಗ ಹೋಗುವಾಗ ಚೀರಿತ್ತೇನು?"

"ಕಾವಿಲ್ಲದೆ ಕಿರಣ ಹೇಗೆ ಬರುವುದು ಮಾರಾಯ್ರೆ? ನಿಮ್ಮ ಎಲೆಕ್ಟ್ರಾನಿಗೆ ಪಾಸು ಉಂಟಾ?" ಎಂದು ನಾನು ನಕ್ಕೆ.

"ಅಲ್ಲಿತನಾ ಟೀಸಿ ಹೋಗಿಲ್ಲ ಬಿಡ್ರಿ."

ಒಮ್ಮೆಯಾದರೂ ತರಗತಿಯ ಮುಂದೆ ನಿಂತು ಇದನ್ನು ಹೇಳಬೇಕೆಂಬುದು ಅವರ ಆಸೆ. ಬರಹವನ್ನು ಮೊದಲೇ ತೋರಿಸಬೇಕೆಂಬ ಷರತ್ತಿನ ಮೇಲೆ ನಾನು ಒಪ್ಪಿದೆ. ಅವರು ಕೊಟ್ಟ ಎಂಟು ಪುಟಗಳಲ್ಲಿ ಗಾಡಿಯ ಹೋಲಿಕೆಯನ್ನೂ ಗಿರಕಿಯನ್ನೂ ಹೊಡೆದುಹಾಕಿ, "ಅತಿಯಾದ ಕಾವಿನಿಂದಲೇ ಈ ಅಲೆಗಳು ಹುಟ್ಟುತ್ತವೆ" ಎಂದು ನಾನೇ ಬರೆದೆ. ಅವರು ಓದಿ ನೋಡಿ, ಪುಟಗಳನ್ನು ಮಡಿಸಿ ಜೇಬಿಗಿಟ್ಟರು.

ಮುಂದಿನ ಶನಿವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಹತ್ತನೆಯ ತರಗತಿಯಲ್ಲಿ ಅವರ ಮಗಳೂ ಇದ್ದಳು. ನನ್ನ ವಾಕ್ಯ ಬಂದಾಗ ನಿಲ್ಲಿಸಿ ನನ್ನತ್ತ ನೋಡಿದರು. ಮುಂದುವರಿಸಿ ಎಂಬಂತೆ ನಾನು ತಲೆಯಾಡಿಸಿದೆ. ಓದಿದರು.

ಮಗಳು ಎದ್ದು ನಿಂತಳು. "ಅಪ್ಪಾ, ಮನ್ಯಾಗ ನೀವು ಹಂಗ ಹೇಳಿದ್ದಿಲ್ಲಲಾ?"

ತರಗತಿ ಗೊಳ್ಳೆಂದು ನಕ್ಕಿತು.

"ನಂದ ತಪ್ಪಿತ್ತು. ಮಾಸ್ತರ ಬರದದ್ದ ಖರೇ ಅದ. ಕೂಡವ್ವಾ" ಎಂದರು.

ಆಮೇಲೆ ಗಾಡಿಯಲ್ಲಿ ಅವರು ಆಕಾಶದ ಮಾತನ್ನು ಎತ್ತಲಿಲ್ಲ. ನಿವೃತ್ತರಾಗಿ ಪಕ್ಕದ ಊರಾದ ಕಲ್ಯಾಣಕ್ಕೆ ಹೋದರು.

ಆ ಶನಿವಾರದಿಂದ ಆರು ವರ್ಷಗಳ ತರುವಾಯ, ಶಿಕ್ಷಕರ ತರಬೇತಿಯೊಂದರಲ್ಲಿ, ಅವರು ಹೇಳಿದ್ದೇ ಸರಿಯೆಂದು ತಿಳಿಯಿತು. ಕ್ಷಮಾಪಣೆಯ ಪತ್ರವನ್ನು ತಿದ್ದಿ ತಿದ್ದಿ ಮೂರು ವಾರ ಕಳೆದೆ. ಕೊನೆಗೆ ಅದನ್ನು ಹಿಡಿದು ಕಲ್ಯಾಣದ ಮನೆಗೆ ಹೋದಾಗ, ಅವರು ತೀರಿಕೊಂಡು ಒಂಬತ್ತು ದಿನಗಳಾಗಿದ್ದವು. ಪತ್ರವನ್ನು ಮಗಳ ಕೈಗಿತ್ತೆ. ಅವಳು ನಿಂತೇ ಓದಿ, ಮಡಿಸಿ ಹಿಂದಿರುಗಿಸಿದಳು.

"ನನಗ್ಯಾಕ ಹೇಳತೀರಿ ಸರ್? ಅವತ್ತು ನಕ್ಕವರಿಗೆ ಹೇಳ್ರಿ."

ಅವರೆಲ್ಲ ಎಲ್ಲೆಲ್ಲಿಗೋ ಚದುರಿಹೋಗಿದ್ದರು. ಮರುದಿನ ಪ್ರಾರ್ಥನೆಯ ಬಳಿಕ ಇಡೀ ಶಾಲೆಯೆದುರು ನಿಂತು, ಅಂದು ತಪ್ಪಿದವನು ನಾನೆಂದು ಹೇಳಿದೆ. ಕೇಳಿದ ಮಕ್ಕಳಲ್ಲಿ ಒಬ್ಬರೂ ಅವರನ್ನು ಕಂಡವರಲ್ಲ. ಅದು ೧೯೮೩ರ ಆಗಸ್ಟ್ ೨೪, ಬುಧವಾರ.