ಯಾರೂ ಕೂರದ ನೆರಳು

ನಮ್ಮ ಭಾವ ಶೇಷಾದ್ರಿಯವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಇವಳೇನೋ ಅಭಿಮಾನಕ್ಕೆ ಬರೆಯುತ್ತಿದ್ದಾಳೆ ಅಂದುಕೊಂಡೀರಿ. ಮೈಥಿಲಿ ಅಕ್ಕನನ್ನು ಅವರು ಮದುವೆಯಾಗಿ ಇಪ್ಪತ್ನಾಲ್ಕು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಅವರು ಒಂದು ಊಟವನ್ನಾಗಲಿ, ಒಬ್ಬ ಮನುಷ್ಯನನ್ನಾಗಲಿ ಬಾಯಿತುಂಬ ಹೊಗಳಿದ್ದು ನನಗೆ ನೆನಪಿಲ್ಲ.

ಮೈಸೂರಿನ ನಂಜುಮಳಿಗೆಯಲ್ಲಿ ಹುಟ್ಟಿದವರು. ೧೯೯೯ರಲ್ಲಿ ಅಮೆರಿಕಕ್ಕೆ ಬಂದರು. ಕರೆಸಿಕೊಂಡ ಏಜೆಂಟು ನ್ಯೂಜೆರ್ಸಿಯ ಒಂದೇ ಅಪಾರ್ಟ್‌ಮೆಂಟಿನಲ್ಲಿ ಹನ್ನೊಂದು ಜನರನ್ನು ತುಂಬಿ, ಇವತ್ತು ಕೆಲಸ, ನಾಳೆ ಕೆಲಸ ಎಂದು ಐದು ತಿಂಗಳು ಸುಮ್ಮನೆ ಕೂರಿಸಿದ. ಅವತ್ತೇ ಭಾವ ಒಂದು ತೀರ್ಮಾನಕ್ಕೆ ಬಂದರಂತೆ: ತಾನಾಗಿ ಹತ್ತಿರ ಬಂದು ಮಾತಾಡಿಸುವವನು ಟೋಪಿ ಹಾಕುವುದಕ್ಕೇ ಬಂದಿರುತ್ತಾನೆ. ಈಗ ಜರ್ಮನ್‌ಟೌನಿನಲ್ಲಿ ಸ್ವಂತ ಮನೆಯಿದೆ, ಒಂದು ಲ್ಯಾಬಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಭದ್ರವಾದ ಕೆಲಸವಿದೆ. ತೀರ್ಮಾನ ಮಾತ್ರ ಬದಲಾಗಿಲ್ಲ. ಸ್ಕೌಟ್ ಸಂಘಕ್ಕೆಂದು ಬಾಗಿಲಿಗೆ ಬಿಸ್ಕತ್ತು ಮಾರಲು ಬಂದ ಏಳು ವರ್ಷದ ಹುಡುಗಿಯರನ್ನು ನಿಲ್ಲಿಸಿಕೊಂಡು, ನಿಮ್ಮನ್ನು ಕಳಿಸಿದವರು ಯಾರು, ಕಾಗದ ತೋರಿಸಿ ಎಂದು ಕೇಳಿದವರು ಅವರು. ಆ ಮಕ್ಕಳು ಅಳುತ್ತಾ ಹೋದವು. ನಾನೂ ನನ್ನ ಗಂಡ ಅವಿನಾಶನೂ ಅದನ್ನು ನೆನೆಸಿಕೊಂಡು ನಮ್ಮೂರು ಆಲ್ಫರೆಟಾ ತಲುಪುವವರೆಗೆ ಕಾರಿನಲ್ಲಿ ನಕ್ಕಿದ್ದೆವು.

ಅವರಿಗೆ ಮಕ್ಕಳಿಲ್ಲ. ನಮ್ಮ ಶ್ರಾವಣಿ ಎಂದರೆ ಪ್ರಾಣ. ಅದೊಂದು ಕಾರಣಕ್ಕೆ ನಾನು ಅವರನ್ನು ಸಹಿಸಿಕೊಂಡಿದ್ದೆ.

೨೦೨೩ರ ಡಿಸೆಂಬರ್ ರಜೆಯಲ್ಲಿ ಎರಡೂ ಮನೆಯವರು ಕ್ರೂಸ್ ಹೋಗೋಣ ಎಂದು ಅಕ್ಕ ಹಟ ಹಿಡಿದಳು. ಬಾಲ್ಟಿಮೋರಿನಲ್ಲಿ ಹಡಗು ಹತ್ತಿದ ಮೊದಲ ದಿನದಿಂದಲೂ ಭಾವನ ಗೊಣಗಾಟ ಶುರು. ಕಾಫಿ ನೀರು, ಅನ್ನ ಗಂಜಿ, ಫೋಟೋ ತೆಗೆಯುವವರು ಕಳ್ಳರು. ನಾಲ್ಕನೆಯ ದಿನ ಬೆಳಿಗ್ಗೆ ಹಡಗು ಒಂದು ದ್ವೀಪಕ್ಕೆ ಬಂದು ನಿಂತಿತು. ಅದರ ಹೆಸರು ಬರೆಯುವುದಿಲ್ಲ, ಆ ದ್ವೀಪದ ತಪ್ಪೇನೂ ಇಲ್ಲ. ಸಂಜೆ ನಾಲ್ಕೂವರೆಯೊಳಗೆ ವಾಪಸ್ ಬರಬೇಕು, ಬರದವರಿಗೆ ಹಡಗು ಕಾಯುವುದಿಲ್ಲ ಎಂದು ಮೈಕಿನಲ್ಲಿ ಕೂಗಿದರು.

ಬೀಚಿನಲ್ಲಿ ಜನವೋ ಜನ. ಎಲ್ಲರೂ ಬಿಸಿಲಿಗೆ ಮೈ ಒಡ್ಡಿಕೊಂಡು ಬಿದ್ದಿದ್ದರು, ಇಲ್ಲವೇ ಬಾಡಿಗೆ ಛತ್ರಿಗಳ ಕೆಳಗೆ ಕೂತಿದ್ದರು. ನಮ್ಮವರಿಗೆ ಸಮುದ್ರ ಬೇಕು, ಬಿಸಿಲು ಬೇಡ. ಭಾವ ಕಣ್ಣಿಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದರು. ಮರಳಿನ ಅಂಚಿನಲ್ಲಿ ಒಂದು ದೊಡ್ಡ ಮರ, ದಟ್ಟ ನೆರಳು, ಕೆಳಗೆ ಒಂದು ನರಪಿಳ್ಳೆಯೂ ಇಲ್ಲ.

"ನೋಡು ಅವಿನಾಶ್, ಇಷ್ಟು ಒಳ್ಳೆ ನೆರಳು ಫ್ರೀಯಾಗಿ ಇದೆ, ಈ ಜನ ಛತ್ರಿ ರೆಂಟ್ ಮಾಡ್ಕೊಂಡು ಕೂತಿದಾರೆ!"

"ಮರಕ್ಕೆ ಏನೋ ಕೆಂಪು ಪೇಂಟ್ ಹೊಡ್ದಿದಾರಲ್ಲ ಭಾವ," ಅಂದೆ ನಾನು. ಕಾಂಡದ ಸುತ್ತ ಒಂದು ಅಗಲವಾದ ಕೆಂಪು ಪಟ್ಟಿಯಿತ್ತು.

"ನಂಜನಗೂಡು ರೋಡಲ್ಲಿ ಹೊಡೆಯಲ್ವೇನೆ? ರಾತ್ರಿ ಗಾಡಿಯವ್ರು ಬಂದು ಗುದ್ದಬಾರ್ದು ಅಂತ."

ಹೌದಲ್ಲ ಅನ್ನಿಸಿತು. ಸಾಲುಮರಗಳಿಗೆ ಕೆಂಪು ಬಿಳಿ ಪಟ್ಟಿ ಬಳಿದ ರಸ್ತೆಗಳಲ್ಲೇ ನಾವೆಲ್ಲ ಬೆಳೆದದ್ದು. ಆ ಬೀಚಿಗೆ ಯಾವ ಗಾಡಿ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಚಾಪೆ ಹಾಸಿ ಕೂತೆವು.

ಹತ್ತು ನಿಮಿಷವಾಗಿರಬೇಕು. ಕೈತುಂಬ ಮಣಿಸರ ಹಿಡಿದುಕೊಂಡು ಒಬ್ಬ ಆ ಊರಿನ ಹೆಂಗಸು ನಮ್ಮತ್ತ ಬಿರಬಿರನೆ ಬಂದಳು. ಅರವತ್ತರ ಆಸುಪಾಸು. ಅವಳು ಬಾಯಿ ತೆರೆಯುವ ಮೊದಲೇ ಭಾವ ಅಂಗೈ ಅಡ್ಡ ಹಿಡಿದು "ನೋ, ನೋ, ನೋ ಥ್ಯಾಂಕ್ಯೂ" ಎಂದರು. ಅವಳು ಮರದ ಕಡೆ ಕೈ ತೋರಿಸಿ ಏನೋ ಹೇಳಲು ಹೋದಳು. ಭಾವ ಇನ್ನೂ ಜೋರಾಗಿ ಓಡಿಸಿದರು. ಅವಳು ಹೋದಮೇಲೆ, "ನೆರಳಿಗೂ ಬಾಡಿಗೆ ಕೇಳ್ತಾಳೆ. ಶ್ರಾವಣಿ ಪುಟ್ಟ, ನೆನಪಿಟ್ಕೋ, ಇಂಥೋರ ಮುಖಾನೇ ನೋಡ್ಬಾರ್ದು," ಎಂದು ನನ್ನ ಎಂಟು ವರ್ಷದ ಮಗಳಿಗೆ ಪಾಠ ಬೇರೆ ಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಎಂಥ ಮನುಷ್ಯ ಇವರು ಎಂದುಕೊಂಡೆ.

ಆಮೇಲೆ ಅವಿನಾಶ್, ಅಕ್ಕ ನೀರಿಗಿಳಿದರು. ಭಾವ ಮುಖದ ಮೇಲೆ ಟೋಪಿ ಹಾಕಿಕೊಂಡು ಮಲಗಿದರು. ಶ್ರಾವಣಿ ಅಲೆಗಳ ಹತ್ತಿರ ಬಕೆಟ್ಟಿಗೆ ನೀರು ತುಂಬಿಸುತ್ತಿದ್ದಳು. ನಾನೊಬ್ಬಳೇ ಫೋನ್ ನೋಡುತ್ತಾ ಕೂತಿದ್ದೆ.

ಆಗ ಆ ಹೆಂಗಸು ಮತ್ತೆ ಬಂದಳು. ಈ ಸಲ ನೇರವಾಗಿ ನನ್ನ ಹತ್ತಿರ. ದೂರದಲ್ಲಿದ್ದ ಶ್ರಾವಣಿಯ ಕಡೆ ಬೆರಳು ಮಾಡಿ, "ಮ್ಯಾಮ್, ಲಿಸನ್, ದ ಚೈಲ್ಡ್..." ಎಂದು ಶುರು ಮಾಡಿದಳು. ಮಗುವಿಗೆ ಜಡೆ ಹಾಕಿ ಮಣಿ ಪೋಣಿಸುತ್ತೇನೆ ಅನ್ನುತ್ತಾಳೆ, ಇವರೆಲ್ಲ ಮಕ್ಕಳನ್ನೇ ಹಿಡಿದು ದುಂಬಾಲು ಬೀಳುತ್ತಾರೆ ಎಂದುಕೊಂಡೆ. ಹಾಗೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗೈ ಅಡ್ಡ ಹಿಡಿದು, ಬೇಡ ಅಂದರೆ ಗೊತ್ತಾಗುವುದಿಲ್ಲವೇ, ನಮ್ಮ ಪಾಡಿಗೆ ನಮ್ಮನ್ನು ಬಿಡಿ ಎಂದು ಇಂಗ್ಲಿಷಿನಲ್ಲಿ ಕಿರುಚಿದೆ. ಪಕ್ಕದ ಛತ್ರಿಯವರು ತಿರುಗಿ ನೋಡಿದರು. ಅವಳು ಒಂದು ಕ್ಷಣ ನನ್ನನ್ನೇ ದಿಟ್ಟಿಸಿ, ತಲೆಯಾಡಿಸಿ ಹೊರಟುಹೋದಳು. ಗೆದ್ದೆ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಕಾಲು ಗಂಟೆಯೊಳಗೆ ಶ್ರಾವಣಿ ಕಿಟಾರನೆ ಕಿರುಚಿದಳು. ಆ ಮರದಿಂದ ಉದುರಿ ನೀರಿನ ಹತ್ತಿರ ಉರುಳಿದ್ದ ಹಣ್ಣೊಂದನ್ನು ಕಚ್ಚಿದ್ದಳು. ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು, ಹಸಿರು, ಘಮ್ಮೆನ್ನುವ ಹಣ್ಣು. ಮೊದಲು "ಖಾರ, ಖಾರ" ಎಂದಳು. ಆಮೇಲೆ "ಅಮ್ಮಾ, ಐ ಕಾಂಟ್ ಸ್ವಾಲೋ" ಎಂದಳು. ಆಮೇಲೆ ಮಾತೇ ಬರಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ತುಟಿ ಕೆಂಪಗೆ ಊದಿಕೊಂಡಿತು, ಗಂಟಲಲ್ಲಿ ಗೊರಗೊರ ಸದ್ದು. ನಾನು ಮಗುವನ್ನು ಅಪ್ಪಿಕೊಂಡು ಕೂಗುವುದು ಬಿಟ್ಟು ಇನ್ನೇನೂ ಮಾಡಲಿಲ್ಲ.

ಮೊದಲು ಓಡಿಬಂದವಳು ಅವಳೇ. ಮಣಿಸರಗಳನ್ನು ಮರಳಿನಲ್ಲಿ ಎಸೆದು, ಶ್ರಾವಣಿಯ ಬಾಯಿಗೆ ನೀರು ಹಾಕಿ ಉಗಿಸಿ, ಉಗಿಸಿ, ಯಾರನ್ನೋ ಕೂಗಿ ವ್ಯಾನ್ ತರಿಸಿದಳು. ಆಸ್ಪತ್ರೆಯವರೆಗೂ ನಮ್ಮ ಜೊತೆ ಬಂದಳು. ದಾರಿಯುದ್ದಕ್ಕೂ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

ಸಣ್ಣ ಆಸ್ಪತ್ರೆ. ಡ್ರಿಪ್ ಹಾಕಿದರು, ಉಸಿರಾಟ ನೋಡುತ್ತಾ ಕೂತರು. ಎರಡು ಗಂಟೆ ಕಳೆದ ಮೇಲೆ ಡಾಕ್ಟರು, ಒಬ್ಬ ಸಿಡುಕು ಮೋರೆಯ ಯುವಕ, ಗಂಟಲು ಇನ್ನು ಮುಚ್ಚುವುದಿಲ್ಲ, ಹೆದರಬೇಡಿ ಎಂದ. ಹೇಳಿ ನಮ್ಮ ಮೇಲೆ ಹರಿಹಾಯ್ದ. ಆ ಮರದ ಹಣ್ಣು ವಿಷ, ಹಾಲು ಬಿದ್ದರೂ ಮೈ ಸುಡುತ್ತದೆ, ಅದಕ್ಕೇ ಕೆಂಪು ಪಟ್ಟಿ. ಎಚ್ಚರಿಕೆಯ ಬೋರ್ಡು ಬಿರುಗಾಳಿಗೆ ಹೋಯಿತು, ಸರಿ. ಆದರೆ ಇಡೀ ಬೀಚಿನಲ್ಲಿ ಒಬ್ಬರಾದರೂ ನಿಮಗೆ ಹೇಳಲಿಲ್ಲವೇ?

ಕೋಣೆಯಲ್ಲಿ ಎಲ್ಲರೂ ಇದ್ದೆವು. ಶ್ರಾವಣಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಬಾಗಿಲ ಬಳಿ ಆ ಹೆಂಗಸು ನಿಂತಿದ್ದಳು, ಈಗ ನನ್ನನ್ನೇ ನೋಡುತ್ತಿದ್ದಳು.

ಭಾವ ಎದ್ದು ನಿಂತರು. "ಈಕೆ ಬಂದು ಹೇಳಿದ್ದರು, ಎರಡು ಸಲ ಬಂದಿದ್ದರು. ಎರಡು ಸಲವೂ ನಾನೇ ಓಡಿಸಿದೆ," ಎಂದು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು.

ಆ ಟೋಪಿಯ ಕೆಳಗೆ ಅವರು ನಿದ್ದೆ ಮಾಡಿರಲಿಲ್ಲ. ಹೆಂಗಸು ಏನೋ ಹೇಳಲು ಬಾಯಿ ತೆರೆದಳು, ಭಾವನ ಮುಖ ನೋಡಿ ಸುಮ್ಮನಾದಳು. ಅವಿನಾಶ್ ಭಾವನ ಅಂಗಿ ಹಿಡಿದು, "ನನ್ ಮಗಳನ್ನ ಸಾಯಿಸ್ತಿದ್ರಲ್ರೀ! ನಿಮ್ಮ ದರಿದ್ರ ಬುದ್ಧಿಗೆ ಬೆಂಕಿ ಹಾಕ!" ಎಂದು ಕೂಗಿದ. ಅಕ್ಕ ಗೋಡೆಗೆ ಮುಖ ಮಾಡಿ ಅತ್ತಳು. ನಾನು ಡ್ರಿಪ್ಪಿನ ಬಾಟಲಿ ನೋಡುತ್ತಾ ನಿಂತೆ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಹಡಗು ಹೊರಡಲು ಇಪ್ಪತ್ತು ನಿಮಿಷವಿದ್ದಾಗ ಹತ್ತಿದೆವು. ಅವತ್ತಿನಿಂದ ಅವಿನಾಶ್ ಜರ್ಮನ್‌ಟೌನ್ ಮನೆಗೆ ಕಾಲಿಟ್ಟಿಲ್ಲ. ಹೋದ ಯುಗಾದಿಗೆ ನಾನೊಬ್ಬಳೇ ಹೋಗಿದ್ದೆ. ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಕೇಳಿದ್ದು ಕೃತಜ್ಞತೆಯಿಂದಲ್ಲ, ಸಿಟ್ಟಿನಿಂದ. ಆ ಮನುಷ್ಯನ ಉಪಕಾರ ನನಗೆ ಬೇಕಿರಲಿಲ್ಲ.

"ನನ್ನ ಯಾರೂ ಮೊದ್ಲಿಂದ್ಲೂ ಒಳ್ಳೆಯವನು ಅಂದ್ಕೊಂಡಿಲ್ಲ ಕಣೆ," ಎಂದರು ಪಾತ್ರೆ ಒರೆಸುತ್ತಾ. "ಆ ಮಗು ಮಲಗ್ಕೊಂಡು ಕೇಳ್ತಾ ಇತ್ತು. ತಪ್ಪು ಅಮ್ಮನ ಮೇಲೆ ಯಾಕೆ ಬರ್ಬೇಕು?"

ಅದಕ್ಕೇ ಅವರನ್ನು ಕಂಡರೆ ನನಗೆ ಈಗ ಇನ್ನೂ ಆಗುವುದಿಲ್ಲ.

ಭಾನುವಾರ ಅವರ ಫೋನ್ ಬರುತ್ತದೆ. ಶ್ರಾವಣಿಗೆ ಈಗ ಹತ್ತು ವರ್ಷ. "ಐ ಡೋಂಟ್ ವಾಂಟ್ ಟು ಟಾಕ್ ಟು ದೊಡ್ಡಪ್ಪ. ಹೀ ಸೆಂಟ್ ದಟ್ ಲೇಡಿ ಅವೇ," ಎಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಭಾವ ಆ ಕಡೆ ಕಾಯುತ್ತಿರುತ್ತಾರೆ.

"ಹೋಮ್‌ವರ್ಕ್ ಮಾಡ್ತಿದಾಳೆ ಭಾವ," ಎನ್ನುತ್ತೇನೆ.

"ಮಾಡ್ಲಿ, ಮಾಡ್ಲಿ," ಎನ್ನುತ್ತಾರೆ.