ಐದು ಸುತ್ತಿನ ಮುನ್ನಡೆ

ಅಂಗಡಿಯ ಲೀಸ್ ಮುಗಿಯಲು ನಾಲ್ಕು ತಿಂಗಳಿದ್ದಾಗ ನಾನು ಅಮೆರಿಕದ ಚುನಾವಣೆಯ ಫಲಿತಾಂಶ ನೋಡಲು ಕೂತೆ. ಮೈಸೂರಿನ ಕಾರ್ಪೊರೇಷನ್ ಎಲೆಕ್ಷನ್ನಿಗಿಂತ ದೂರದ ಯಾವುದನ್ನೂ ತಲೆಗೆ ಹಚ್ಚಿಕೊಂಡವಳಲ್ಲ ನಾನು. ಇಲ್ಲಿ ಬ್ರಿಸ್ಬೇನಿನಲ್ಲೂ ಓಟು ಹಾಕದಿದ್ದರೆ ದಂಡ ಕಟ್ಟಬೇಕಲ್ಲ ಎಂದು ಹೋಗಿ ಹಾಕುತ್ತೇನೆ, ಮತಗಟ್ಟೆ ಇರುವ ಶಾಲೆಯ ಅಂಗಳದಲ್ಲಿ ಸುಡುವ ಸಾಸೇಜಿನ ಹೊಗೆಗೆ ಮೂಗು ಮುಚ್ಚಿಕೊಂಡು ಬೇಗ ಬರುತ್ತೇನೆ, ಅಷ್ಟೆ. ಅಂಥವಳು ಆ ವರ್ಷ ಎದ್ದ ಕೂಡಲೇ ಫೋನು ತೆಗೆದು, ಅಮೆರಿಕದ ಯಾವ ರಾಜ್ಯದಲ್ಲಿ ಯಾರು ಮುಂದಿದ್ದಾರೆ ಎಂದು ನೋಡುತ್ತಿದ್ದೆ. ಕಾರಣ ಒಂದೇ, ನಮ್ಮ ಓನರ್.

ನನ್ನದು ರನ್‌ಕಾರ್ನ್‌ನಲ್ಲಿ ದಿನಸಿ ಅಂಗಡಿ. ಅದಕ್ಕೂ ಮೊದಲು ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿದ್ದಾಗ ಫ್ಲಾಟಿನ ಅಡುಗೆಮನೆಯಲ್ಲೇ ಹೋಳಿಗೆ, ಚಕ್ಕುಲಿ ಮಾಡಿ ಯೂನಿವರ್ಸಿಟಿ ಹುಡುಗರಿಗೆ ಮಾರುತ್ತಿದ್ದೆ. ಯಜಮಾನರಿಗೆ ಎಯ್ಟ್ ಮೈಲ್ ಪ್ಲೇನ್ಸ್‌ನ ಕಂಪನಿಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೇಲೆ ಈ ಅಂಗಡಿ ಹಾಕಿದೆ. ಹನ್ನೆರಡು ವರ್ಷವಾಯಿತು. ಯಾವ ಕಪಾಟಿನಲ್ಲಿ ರಾಗಿ ಹಿಟ್ಟಿದೆ ಎಂದು ನನಗಿಂತ ಮೊದಲು ಗಿರಾಕಿಗಳೇ ಹೇಳುತ್ತಾರೆ. ಅಂಗಡಿಯನ್ನು ಎರಡು ಬೀದಿ ಆಚೆಗೆ ಸರಿಸಿದರೂ ಅರ್ಧ ಜನ ಬರುವುದಿಲ್ಲ, ಅದು ವ್ಯಾಪಾರ ಮಾಡಿದವರಿಗೆಲ್ಲ ಗೊತ್ತು. ಹಾಗಾಗಿ ಅದೇ ಜಾಗ, ಅದೇ ಬಾಗಿಲು, ಇನ್ನೈದು ವರ್ಷ ಬೇಕಿತ್ತು ನನಗೆ.

ಓನರ್ ಅಮೆರಿಕದವರು, ಎಪ್ಪತ್ತೆಂಟು ವರ್ಷ. ಇಲ್ಲಿಯ ಹೆಣ್ಣನ್ನು ಮದುವೆಯಾಗಿ ಇಲ್ಲೇ ಉಳಿದವರು. ಹೆಂಡತಿ ತೀರಿಕೊಂಡ ಮೇಲೆ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ, ಮೋಟರ್‌ವೇ ಪಕ್ಕದ ಬೀದಿಯಲ್ಲಿ ಒಬ್ಬರೇ ಇದ್ದರು. ನಾನು ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದೆ. ಮೊದಮೊದಲು ಹುಬ್ಬೇರಿಸುತ್ತಿದ್ದವರು, ಆಮೇಲೆ ಫೋನು ಮಾಡಿದಾಗ ತಾವೇ "ಅಂಕಲ್ ಮಾತಾಡ್ತಿದ್ದೀನಿ" ಎನ್ನತೊಡಗಿದರು. ಅವರ ಮಗ ಮಾತ್ರ ಕಟ್ಟಡ ಮಾರಿಬಿಡು ಎಂದು ಬೆನ್ನು ಬಿದ್ದಿದ್ದ. ಅದು ನನಗೆ ಗೊತ್ತಿತ್ತು.

ಅಂಗಡಿ ಹಾಕುತ್ತೇನೆ ಎಂದು ಸಲಹೆ ಕೇಳಿ ಬಂದವರಿಗೆಲ್ಲ ನಾನು ಮೊದಲು ಹೇಳುವುದು ಇದು: ಓನರ್ ಯಾವತ್ತು ಖುಷಿಯಾಗಿರುತ್ತಾರೆ ನೋಡಿಕೊಳ್ಳಿ, ಲೀಸಿನ ಮಾತು ಆ ದಿನಕ್ಕಿಟ್ಟುಕೊಳ್ಳಿ. ನಾನು ಮೊದಲ ಲೀಸಿಗೆ ಹೋದದ್ದು ಅವರಿಗೆ ಮೊಮ್ಮಗಳು ಹುಟ್ಟಿದ ಮಾರನೇ ದಿನ. ಎರಡನೆಯದಕ್ಕೆ ಹೋದದ್ದು ಅವರ ಕಣ್ಣಿನ ಆಪರೇಷನ್ ಸುಸೂತ್ರವಾಗಿ ಆದ ವಾರ. ಎರಡೂ ಸಲ ಸಿಹಿ ಡಬ್ಬಿ ಕೈಯಲ್ಲಿತ್ತು, ಎರಡೂ ಸಲ ಹೇಳಿದ ಮಾತು ನಡೆಯಿತು. ಈ ಸಲ ಹಾಗೆ ಖುಷಿಯ ದಿನವೇ ಸಿಗಲಿಲ್ಲ. ಹೆಂಡತಿ ಹೋದ ಮೇಲೆ ಆ ಮನುಷ್ಯನ ಮುಖ ಅರಳುತ್ತಿದ್ದದ್ದು ಒಂದೇ ವಿಷಯಕ್ಕೆ. ಅವರ ರಾಜ್ಯದವನೇ ಒಬ್ಬ, ಅವರು ಓದಿದ ಹೈಸ್ಕೂಲಿನಲ್ಲೇ ಓದಿದವನು, ರಾಷ್ಟ್ರಾಧ್ಯಕ್ಷನಾಗಲು ಹೊರಟಿದ್ದ.

ಪ್ರತಿ ಬುಧವಾರ ಕೋಡುಬಳೆ ಕೊಳ್ಳಲು ಬಂದು, ಕೌಂಟರಿಗೆ ಒರಗಿ ನಿಂತು, ಪ್ರೈಮರಿ ಎಂದರೇನು ಎಂದು ನನಗೆ ಪಾಠ ಮಾಡುತ್ತಿದ್ದರು. ನಮ್ಮಲ್ಲಿ ಪಾರ್ಟಿ ಟಿಕೆಟ್ಟನ್ನು ಹೈಕಮಾಂಡ್ ಕೊಡುತ್ತದೆ, ಅಲ್ಲಿ ಒಂದೊಂದು ರಾಜ್ಯದ ಜನರೇ ಓಟು ಹಾಕಿ ಟಿಕೆಟ್ ಯಾರಿಗೆ ಎಂದು ಹೇಳುತ್ತಾರೆ. ಅಷ್ಟು ಅರ್ಥವಾಯಿತು. ಮಿಕ್ಕದ್ದಕ್ಕೆಲ್ಲ ತಲೆಯಾಡಿಸಿದೆ. ಅವರವನು ಮೊದಲ ರಾಜ್ಯದಲ್ಲಿ ಮೂರನೆಯವನಾದ, ಮುಂದಿನದರಲ್ಲಿ ಎರಡನೆಯವನು, ಆಮೇಲೆ ಮತ್ತೆ ಮೂರನೆಯವನು. ಒಂದೊಂದು ಸಲವೂ ಅಂಕಲ್ ಬಂದು ಕೋಡುಬಳೆ ಅರ್ಧ ಕೇಜಿ ಬದಲು ಕಾಲು ಕೇಜಿ ಕೊಂಡು ಸುಮ್ಮನೆ ಹೋದರು. ಸ್ವಂತ ರಾಜ್ಯದ ಸರದಿ ಬಂದಾಗ ಗೆದ್ದೇ ಗೆಲ್ಲುತ್ತಾನೆ ಎನ್ನುತ್ತಿದ್ದರು. ಹಾಗಾದರೆ ನನ್ನ ದಿನವೂ ಅದೇ ಎಂದು ನಾನು ಗೊತ್ತು ಮಾಡಿಕೊಂಡೆ.

ಬೇರೆಯವರ ಖುಷಿಗಾಗಿ ಕಾಯುವುದು ಬಹಳ ದಣಿವಿನ ಕೆಲಸ. ಅಕ್ಕಿ ಮೂಟೆ ಇಳಿಸಿಕೊಂಡರೂ ಅಷ್ಟು ಸುಸ್ತಾಗುವುದಿಲ್ಲ. ಕಂಡರಿಯದ ಒಬ್ಬ ಮನುಷ್ಯ, ನಾನು ಎಂದೂ ಹೋಗದ ಊರುಗಳಲ್ಲಿ ಕೈ ಬೀಸಿಕೊಂಡು ತಿರುಗುತ್ತಿದ್ದರೆ, ಇಲ್ಲಿ ನಾನು ಅವನಿಗೆ ಕೆಮ್ಮು ಬಂದರೂ ಗಾಬರಿಯಾಗುತ್ತಿದ್ದೆ. ಯಜಮಾನರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಅವರ ಮಂಗಳವಾರ ಸಂಜೆ ನಮಗೆ ಬುಧವಾರ ಬೆಳಗ್ಗೆ. ಆ ಬುಧವಾರ ಹತ್ತು ಗಂಟೆಗೆ ಅವರ ರಾಜ್ಯದಲ್ಲಿ ಮತದಾನ ಮುಗಿಯಿತು. ನಾನು ಬಿಲ್ ಮಾಡುತ್ತಲೇ ಫೋನನ್ನು ತಕ್ಕಡಿಯ ಪಕ್ಕ ನಿಲ್ಲಿಸಿಕೊಂಡಿದ್ದೆ. ಹತ್ತೂವರೆಗೆ ಮೊದಲ ಅಂಕಿ ಬಂತು: ಅವರವನು ಮುಂದೆ. ಹತ್ತು ನಿಮಿಷ ಬಿಟ್ಟು ನೋಡಿದೆ, ಮುಂದೆ. ಮತ್ತೆ ನೋಡಿದೆ, ಇನ್ನೂ ಮುಂದೆ.

ಇಲ್ಲಿ ನನ್ನ ದಡ್ಡತನ ಹೇಳಲೇಬೇಕು. ನಾವು ಲೋಕಸಭೆ ಎಣಿಕೆ ನೋಡಿ ಬೆಳೆದವರು. ಅಲ್ಲಿ ಸುತ್ತಿನ ಲೆಕ್ಕ. ಎಂಟೂ ವಿಧಾನಸಭಾ ಕ್ಷೇತ್ರದ ಮತ ಒಟ್ಟೊಟ್ಟಿಗೆ, ಸುತ್ತು ಸುತ್ತಾಗಿ ಬರುತ್ತದೆ. ಐದು ಸುತ್ತು ಒಬ್ಬನೇ ಮುಂದಿದ್ದರೆ ಪಕ್ಷದ ಆಫೀಸಿನ ಎದುರು ಪಟಾಕಿ ಹಚ್ಚುತ್ತಾರೆ. ನಾನು ಫೋನು ಮುಟ್ಟಿದ್ದನ್ನೇ ಒಂದೊಂದು ಸುತ್ತು ಎಂದು ಎಣಿಸುತ್ತಾ ಹೋದೆ.

ಹನ್ನೊಂದೂಕಾಲಿಗೆ ಯಜಮಾನರ ಫೋನು. "ಏನೇ, ಎಷ್ಟನೇ ಸುತ್ತು?"

"ಐದನೇದು ರೀ. ಐದರಲ್ಲೂ ನಮ್ಮೋರೇ ಮುಂದೆ."

"ನಮ್ಮೋರಾ! ಯಾವಾಗ ನೆಂಟರಾದ್ರು? ನೀನು ಕೂತ್ಕೊಂಡು ರಿಫ್ರೆಶ್ ಒತ್ತಿದ್ರೆ ಅದು ಸುತ್ತಾಗಲ್ಲ ಕಣೇ. ಇನ್ನೂ ಅರ್ಧನೂ ಎಣಿಸಿಲ್ಲ."

"ನಿಮ್ಮ ಡೇಟಾ ನಿಮ್ಮ ಆಫೀಸಲ್ಲೇ ಇಟ್ಕೊಳ್ಳಿ. ಲೀಸ್ ಮಾತಾಡೋಳು ನಾನು."

"ಆಯ್ತಮ್ಮ, ಹೋಗು. ನಂಗೆ ಮೈಸೂರ್ ಪಾಕ್ ಎರಡು ಪೀಸ್ ಉಳ್ಸಿರು."

ಅತ್ತೆ ಕೌಂಟರಿನ ಹಿಂದೆ ಮಣೆ ಹಾಕಿಕೊಂಡು ಕರಿಬೇವು ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು, "ಬುಧವಾರ ಹನ್ನೆರಡಕ್ಕೆ ರಾಹುಕಾಲ ಕಣಮ್ಮ. ಸಹಿ ವಿಚಾರ. ಅಷ್ಟರೊಳಗೆ ಮುಗಿಸ್ಕೊಂಡ್ ಬಂದ್ಬಿಡು."

ಇನ್ನೂ ಫೋನಿನಲ್ಲಿದ್ದ ಯಜಮಾನರಿಗೂ ಅದು ಕೇಳಿಸಿತು. "ರಾಹುಗೆ ಇಂಡಿಯಾ ಟೈಮೋ ಬ್ರಿಸ್ಬೇನ್ ಟೈಮೋ, ಕೇಳು ಅಮ್ಮನ್ನ."

"ಸೂರ್ಯ ಎಲ್ಲಿರ್ತಾನೋ ರಾಹುನೂ ಅಲ್ಲೇ ಇರ್ತಾನೆ ಅಂತ ಹೇಳು ಅವನಿಗೆ. ಕಾಲೇಜಲ್ಲಿ ಇದೊಂದು ಕಲೀಲಿಲ್ಲ," ಎಂದರು ಅತ್ತೆ.

ಒಂದೂವರೆಯವರೆಗೆ ಕಾಯಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಅಂಕಲ್ ಮಗ ಬಂದು ಪಕ್ಕದಲ್ಲಿ ಕೂತರೆ? ಖುಷಿಯ ಮೊದಲ ಬಿಸಿ ಆರಿಹೋದರೆ? ಲಾಯರ್ ಸಿದ್ಧ ಮಾಡಿಕೊಟ್ಟಿದ್ದ ಲೀಸಿನ ಕಾಗದವನ್ನು ಬ್ಯಾಗಿಗೆ ಹಾಕಿ, ಬೆಳಗಿನ ಜಾವ ಮಾಡಿಟ್ಟಿದ್ದ ಮೈಸೂರ್ ಪಾಕಿನ ಸ್ಟೀಲ್ ಡಬ್ಬಿ ಹಿಡಿದು, ಅತ್ತೆಯನ್ನು ಒಳಗೆ ಕೂರಿಸಿ ಬಾಗಿಲಿಗೆ ‘ಈಗ ಬಂದೆ’ ಎಂಬ ಬೋರ್ಡು ತಗುಲಿಸಿ ಹೊರಟೆ.

ಅಂಕಲ್ ಬಾಗಿಲು ತೆರೆದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಇನ್ನು ಮುಂದಿನ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲಿ.

"ಕಂಗ್ರಾಜುಲೇಷನ್ಸ್ ಅಂಕಲ್!" ಎಂದೆ.

"ಯಾತಕ್ಕೆ?"

ಒಳಗೆ ಟಿವಿ ಓಡುತ್ತಿತ್ತು. ಊಟದ ಮೇಜಿನ ಮೇಲೆ ಅವರ ರಾಜ್ಯದ ನಕ್ಷೆ. ಕೈಯಲ್ಲೇ ಬರೆದದ್ದು, ಒಂದೊಂದು ಜಿಲ್ಲೆಗೂ ಗೆರೆ ಎಳೆದಿದ್ದರು. ಪೂರ್ವದ ತುದಿಯಲ್ಲಿ ಒಂದಿಷ್ಟು ಜಿಲ್ಲೆಗೆ ನೀಲಿ ಪೆನ್ಸಿಲು ತುಂಬಿತ್ತು. ಮಿಕ್ಕದ್ದೆಲ್ಲ ಖಾಲಿ.

"ನಿಮ್ಮವರು ಮುಂದಿದ್ದಾರಲ್ಲ. ಬೆಳಗಿಂದ ನೋಡ್ತಿದ್ದೀನಿ."

"ನಗರದ ಎಣಿಕೆ ಮುಗೀತು," ಎಂದರು ಅಂಕಲ್, ನೀಲಿಯನ್ನು ಬೆರಳಿಂದ ಮುಟ್ಟಿ. "ನಮ್ಮಲ್ಲಿ ನಗರ ಮೊದಲು ಬರುತ್ತೆ, ಪಶ್ಚಿಮದ ಹಳ್ಳಿಗಳು ಕೊನೆಗೆ. ಹಳ್ಳಿಯವರು ಇವನಿಗೆ ಹಾಕಲ್ಲ. ಗೆಲ್ಲಬೇಕಾದರೆ ಈ ಹೊತ್ತಿಗೆ ಈಗಿರೋದರ ಎರಡರಷ್ಟು ಮುಂದಿರಬೇಕಿತ್ತು. ಒಂದು ಗಂಟೆ ಹಿಂದೆಯೇ ಗೊತ್ತಾಯ್ತು ನನಗೆ. ನಿಮಗೆ ಹೇಳಿದ್ದೆನಲ್ಲ?"

ಹೇಳಿದ್ದರು. ಒಂದಲ್ಲ, ಮೂರು ಸಲ ಹೇಳಿದ್ದರು, ನಾನು ಕೋಡುಬಳೆ ತೂಗುತ್ತಿದ್ದಾಗ. ಆಗೆಲ್ಲ ನಾನು ಅವರ ಮುಖ ನೋಡುತ್ತಿದ್ದೆನೇ ಹೊರತು ಮಾತು ಕೇಳಿಸಿಕೊಂಡಿರಲಿಲ್ಲ.

ಡಬ್ಬಿ ಎಲ್ಲಿಡುವುದೆಂದು ತೋಚದೆ ನಿಂತಿದ್ದೆ. "ಅದರಲ್ಲೇನು?" ಎಂದು ಅವರೇ ಕೇಳಿದರು.

"ಸ್ವೀಟ್."

"ಗೆದ್ದವರು ತಿನ್ನೋದಾ?"

"ಸೋತರೂ ತಿನ್ನಬಹುದು ಅಂಕಲ್."

"ಹಾಗಾದ್ರೆ ಕೊಡಿ." ಒಂದು ತುಂಡು ಬಾಯಿಗೆ ಹಾಕಿಕೊಂಡು, ನನ್ನ ಬ್ಯಾಗಿನತ್ತ ಗದ್ದ ಚಾಚಿ ತೋರಿಸಿದರು. "ಅಲ್ಲಿರೋದು ಲೀಸ್ ಅಲ್ವಾ?"

"ಇವತ್ತು ಬೇಡ. ಇನ್ನೊಂದಿನ ಬರ್ತೀನಿ," ಎಂದೆ. ಸಹಿಗೆಂದು ತಂದ ಕಾಗದವನ್ನು ನಾನಾಗಿ ಬ್ಯಾಗಿನಲ್ಲೇ ಉಳಿಸಿಕೊಂಡದ್ದು ಅದೇ ಮೊದಲು. ಅವರ ಮೇಲಿನ ಕನಿಕರಕ್ಕೆ ಹಾಗೆಂದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅಷ್ಟೇ ಅಲ್ಲ. ಬೇಸರದಲ್ಲಿರುವವರ ಹತ್ತಿರ ಕೇಳಿದರೆ ಇಲ್ಲ ಎನ್ನುತ್ತಾರೆ, ಒಮ್ಮೆ ಇಲ್ಲ ಎಂದರೆ ತಿರುಗಿಸುವುದು ಕಷ್ಟ.

ಅಂಕಲ್ ಸಣ್ಣಗೆ ನಕ್ಕರು. "ಮೊಮ್ಮಗಳು ಹುಟ್ಟಿದಾಗ ಬಂದಿರಿ. ಕಣ್ಣಿನ ಆಪರೇಷನ್ ಆದಾಗ ಬಂದಿರಿ. ಆಕೆ ಸ್ವೀಟ್ ತಂದರೆ ಪೆನ್ ಬಚ್ಚಿಡು ಅಂತ ನನ್ನ ಹೆಂಡತಿ ಹೇಳ್ತಿದ್ದಳು."

ಹನ್ನೆರಡು ವರ್ಷ ನಾನು ಜಾಣೆ ಎಂದುಕೊಂಡು ಆಡಿದ ಆಟವನ್ನು ಗಂಡ ಹೆಂಡತಿ ಇಬ್ಬರೂ ಕೂತು ನೋಡಿದ್ದರು.

"ಕೂತ್ಕೊಳ್ಳಿ," ಎಂದರು. "ಒಂದು ವಿಷಯ ಹೇಳ್ತೀನಿ. ಇವತ್ತು ಅವನು ಗೆದ್ದಿದ್ದರೆ ನಾನು ಸಹಿ ಹಾಕ್ತಿರಲಿಲ್ಲ."

ನನಗೆ ಅರ್ಥವಾಗಲಿಲ್ಲ.

"ಗೆದ್ದರೆ ಊರಿಗೆ ಹೋಗ್ತೀನಿ ಅಂತ ಮಗನಿಗೆ ಹೇಳಿದ್ದೆ. ನವೆಂಬರಿನ ದೊಡ್ಡ ಎಲೆಕ್ಷನ್ ತನಕ ಮನೆ ಮನೆ ಬಾಗಿಲು ತಟ್ಟಿ ಅವನಿಗೆ ಓಟು ಕೇಳೋದು, ಆಮೇಲೆ ಅಲ್ಲೇ ಇದ್ದುಬಿಡೋದು ಅಂತ. ಕಟ್ಟಡ ಮಾರೋದಕ್ಕೆ ಮಗ ಜನ ನೋಡಿಟ್ಟಿದ್ದ. ಜಿಮ್ ಮಾಡೋರಂತೆ. ನಾಳೆ ಬೆಳಗ್ಗೆ ಹೂಂ ಅನ್ನಬೇಕಿತ್ತು."

ಎರಡು ತಿಂಗಳು ಯಾವ ಮನುಷ್ಯ ಗೆಲ್ಲಲಿ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆನೋ, ಅವನು ಗೆದ್ದಿದ್ದರೆ ನನ್ನ ಅಂಗಡಿಯೇ ಇರುತ್ತಿರಲಿಲ್ಲ. ಯಾವ ಹಳ್ಳಿಯವರು ಅವನಿಗೆ ಓಟು ಹಾಕಲಿಲ್ಲವೋ ಅವರೇ ನನ್ನ ಕಪಾಟುಗಳನ್ನು ಉಳಿಸಿದ್ದರು. ಯಾರಾದರೂ ಕೇಳಿದರೆ ಈಗಲೂ ಓನರ್ ಖುಷಿಯಾಗಿರುವ ದಿನ ನೋಡಿ ಹೋಗಿ ಎಂದೇ ಹೇಳುತ್ತೇನೆ. ಆದರೆ ಖುಷಿ ಯಾಕೆ, ಖುಷಿಯಾದರೆ ಏನು ಮಾಡುತ್ತಾರೆ, ಅದನ್ನೂ ಕೇಳಿಕೊಳ್ಳಿ ಎಂದು ಸೇರಿಸುತ್ತೇನೆ. ಕೇಳುವುದಕ್ಕೆ ಏನೂ ಖರ್ಚಿಲ್ಲ. ನನಗೆ ಅದೊಂದು ಹೊಳೆಯಲಿಲ್ಲ.

"ತೆಗೀರಿ ಕಾಗದ," ಎಂದರು. ಓದಿದರು. "ನಾಲ್ಕು ವರ್ಷ."

"ಐದು ಅಂತ ಬರೆದಿದೆ ಅಂಕಲ್." ಬಾಯಿಂದ ಬಂದೇಬಿಟ್ಟಿತು.

"ನನಗೆ ಎಪ್ಪತ್ತೆಂಟು. ಮೂರು."

"ಈಗ ತಾನೇ ನಾಲ್ಕು ಅಂದ್ರಲ್ಲ!"

ಆಗ ಜೋರಾಗಿ ನಕ್ಕರು, ಕೆಮ್ಮು ಬರುವಷ್ಟು. ಐದನ್ನು ಹೊಡೆದು ನಾಲ್ಕು ಎಂದು ಬರೆದು, ಪಕ್ಕದಲ್ಲೊಂದು ಚಿಕ್ಕ ಸಹಿ, ಕೆಳಗೊಂದು ದೊಡ್ಡ ಸಹಿ ಹಾಕಿದರು. ಹನ್ನೆರಡು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ರಾಹುಕಾಲ, ಬೇಡ ಎನ್ನುವಷ್ಟು ತ್ರಾಣ ನನ್ನಲ್ಲಿ ಇರಲಿಲ್ಲ.

ಕಾಗದ ಬ್ಯಾಗಿನೊಳಗೆ ಹೋಯಿತು. ಬಂದ ಕೆಲಸ ಮುಗಿದಿತ್ತು. ಬೇರೆ ದಿನವಾಗಿದ್ದರೆ ಅಷ್ಟರಲ್ಲಿ ಕಾರು ಸ್ಟಾರ್ಟ್ ಮಾಡಿರುತ್ತಿದ್ದೆ. ಸಹಿ ಆದ ಮೇಲೆ ಕೂತರೆ ಮಾತು ಬದಲಾಗುತ್ತದೆ ಎಂದು ನಾನೇ ಎಷ್ಟು ಜನಕ್ಕೆ ಹೇಳಿದ್ದೇನೆ. ಆದರೂ ಏಳಲಿಲ್ಲ. ಟಿವಿಯಲ್ಲಿ ಅಂಕಿಗಳು ಬದಲಾಗುತ್ತಿದ್ದವು. ಮುನ್ನಡೆ ಅರ್ಧಕ್ಕೆ ಇಳಿಯಿತು, ಕಾಲಿಗೆ ಇಳಿಯಿತು, ಆಮೇಲೆ ಇನ್ನೊಬ್ಬನ ಹೆಸರು ಮೇಲೆ ಬಂತು. ಅಂಕಲ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಈ ಅಂಕಿಗಳು ಸಣ್ಣ ಇವೆ," ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. "ಓದ್ತೀರಾ?"

ಓದಿದೆ. ಜಿಲ್ಲೆಯ ಹೆಸರು, ಅವರವನಿಗೆ ಎಷ್ಟು, ಇನ್ನೊಬ್ಬನಿಗೆ ಎಷ್ಟು. ಅವರು ನಕ್ಷೆಯಲ್ಲಿ ಹುಡುಕಿ, ಅವನು ಸೋತ ಜಿಲ್ಲೆಗೆಲ್ಲ ಕೆಂಪು ಪೆನ್ಸಿಲು ತುಂಬಿದರು. ಹೆಸರುಗಳನ್ನು ನಾನು ತಪ್ಪಾಗಿ ಓದಿದರೆ ತಿದ್ದುತ್ತಿದ್ದರು. ಒಂದು ಜಿಲ್ಲೆಯಲ್ಲಿ ಅವರ ಅಜ್ಜನ ಜೋಳದ ಹೊಲವಿತ್ತಂತೆ, ಇನ್ನೊಂದರ ನದಿಯಲ್ಲಿ ಈಜು ಕಲಿತರಂತೆ. ಎರಡೂ ಕೆಂಪಾದವು.

ಅಂಗಡಿಯಿಂದ ಎರಡು ಸಲ ಫೋನು ಬಂತು. ಎತ್ತಿದರೆ ಅತ್ತೆ ಹೊತ್ತಿನ ವಿಚಾರ ಕೇಳುತ್ತಾರೆ ಎಂದು ಎತ್ತಲಿಲ್ಲ.

"ನೀವು ಹೋಗಿ, ಗಿರಾಕಿಗಳು ಕಾಯ್ತಿರ್ತಾರೆ," ಎಂದರು ಅಂಕಲ್.

"ಇನ್ನೆಷ್ಟು ಉಳಿದಿವೆ?"

ನಕ್ಷೆಯಲ್ಲಿ ಬೆರಳಿಟ್ಟು ಎಣಿಸಿದರು. "ಹನ್ನೊಂದು."

ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಮುಂದಿನ ಜಿಲ್ಲೆಯ ಹೆಸರು ಓದಿದೆ.